ಬೋಳು ಟೈರಾ, ಗೆರೆ ಟೈರಾ? ಯುದ್ಧವಿಮಾನದ ಮಾಡೆಲ್ ಮಾಡೋರ ಪ್ರಶ್ನೆಗಳು

ಹೋದ ಸಂಚಿಕೆಯಲ್ಲಿ ಮಾಡೆಲ್ ವಿಮಾನಕ್ಕೆ ಬಣ್ಣ ಹೊಡೆಯೋದ್ರ ಬಗ್ಗೆ ಬರೀತಾ "ಟೈರ್ ತಾನೇ, ಕಪ್ಪು ಬಳಿದ್ರೆ ಆಯ್ತು ಅಂತ ಬಿಡಬೇಡಿ" ಅಂತ ಒಂದೇ ಒಂದು ಸಾಲು ಹಾಕಿದ್ದೆ. ಆ ಸಾಲಿಗೇ ಇಷ್ಟು ಪತ್ರ ಬಂದಿದೆ ಅಂದ್ರೆ ಈ ಸಲ ಬೇರೆ ಯಾವ ಪ್ರಶ್ನೆನೂ ತಗೊಂಡಿಲ್ಲ, ಪುಟ ಪೂರ್ತಿ ಟೈರಿಗೇ ಕೊಟ್ಟಿದ್ದೀನಿ.

ಪ್ರಶ್ನೆ (ಮೈಸೂರು): ಸರ್, ನಾನು 1/48 ಸ್ಕೇಲ್‌ನ (ಅಂದ್ರೆ ನಿಜವಾದ ವಿಮಾನದ 48ರಲ್ಲಿ ಒಂದು ಪಾಲು ಅಳತೆಯ) ಬ್ರಿಟನ್ನಿನ ಯುದ್ಧವಿಮಾನ ಸ್ಪಿಟ್‌ಫೈರ್ ಮಾರ್ಕ್ 1 ಮಾಡ್ತಾ ಇದ್ದೀನಿ, 1940ರ ಬ್ಯಾಟಲ್ ಆಫ್ ಬ್ರಿಟನ್ ಕಾಲದ್ದು. ಕಿಟ್‌ನಲ್ಲಿ ಬಂದಿರೋ ಟೈರ್ ಪೂರ್ತಿ ನುಣ್ಣಗಿದೆ. ಆದ್ರೆ ಏರ್ ಶೋ ವಿಡಿಯೋಗಳಲ್ಲಿ ಹಾರೋ ಸ್ಪಿಟ್‌ಫೈರ್ ನೋಡಿದ್ರೆ ಟೈರ್ ಸುತ್ತ ಉದ್ದುದ್ದ ಗೆರೆ ಇದೆ. ಕಿಟ್ ತಪ್ಪಾ? ನಾನೇ ಗೆರೆ ಕೆತ್ತಿಬಿಡ್ಲಾ?

ಉತ್ತರ: ಬೇಡ ಸರ್, ಕೈ ಇಡಬೇಡಿ! ನಿಮ್ಮ ಕಿಟ್ ಸರಿಯಾಗೇ ಇದೆ. ಯುದ್ಧದ ಕಾಲದ ಸ್ಪಿಟ್‌ಫೈರ್ ಫೋಟೋಗಳಲ್ಲಿ ಸಾಮಾನ್ಯವಾಗಿ ಕಾಣೋದು ನುಣ್ಣನೆ ಟೈರೇ, ನಮ್ಮ ಕಡೆ ಗ್ಯಾರೇಜಲ್ಲಿ ನೋಡಿದ್ರೆ "ಟೈರ್ ಬೋಳಾಗಿದೆ, ಚೇಂಜ್ ಮಾಡ್ಸಿ" ಅಂತಾರಲ್ಲ ಆ ಥರ. ಆದ್ರೆ ಅದು ಸವೆದು ಬೋಳಾಗಿದ್ದಲ್ಲ, ಮಾಡಿದ್ದೇ ಹಾಗೆ. ಆಗಿನ ಎಷ್ಟೋ ಏರ್‌ಫೀಲ್ಡ್‌ಗಳು ಹುಲ್ಲು ಮೈದಾನ, ಇಂಗ್ಲೆಂಡಿನ ಡಕ್ಸ್‌ಫರ್ಡ್ ಕೂಡ 1940ರಲ್ಲಿ ಹುಲ್ಲೇ. ವಿಮಾನ ಇಳಿಯೋ ವೇಗನೂ ಈಗಿನ ಜೆಟ್‌ಗಳಿಗೆ ಹೋಲಿಸಿದ್ರೆ ತುಂಬಾ ಕಮ್ಮಿ, ಹಂಗಾಗಿ ಗೆರೆ ಇಲ್ಲದಿದ್ರೂ ನಡೀತಿತ್ತು.

ನೀವು ವಿಡಿಯೋದಲ್ಲಿ ನೋಡಿದ್ದು ಇವತ್ತಿನ ಟೈರ್. 80 ವರ್ಷ ಹಳೇ ರಬ್ಬರ್ ಹಾಕ್ಕೊಂಡು ಯಾರೂ ಹಾರಿಸಲ್ಲ, ರಿಸ್ಟೋರ್ ಮಾಡಿದ ವಿಮಾನಕ್ಕೆ ಈಗ ಸಿಗೋ ಟೈರ್ ಹಾಕ್ತಾರೆ, ಅದರಲ್ಲಿ ಗೆರೆ ಇರುತ್ತೆ. ಹಂಗಾಗಿ ನನ್ನ ಮೊದಲನೇ ಮಾತು, ಈ ಪುಟದ ಎಲ್ಲಾ ಪ್ರಶ್ನೆಗೂ ಅನ್ವಯಿಸೋದು: ಇವತ್ತು ಹಾರ್ತಾ ಇರೋ ವಿಮಾನದ ಟೈರ್ ನೋಡಿ 1940ರ ಮಾಡೆಲ್‌ಗೆ ಕೆತ್ತಬಾರದು. ನೀವು ಯಾವ ವಿಮಾನ ಮಾಡ್ತಿದ್ದೀರೋ ಅದೇ ವಿಮಾನದ್ದು, ಅದು ಸಿಗದಿದ್ರೆ ಅದೇ ಸ್ಕ್ವಾಡ್ರನ್‌ದು, ಅದೇ ತಿಂಗಳುಗಳ ಫೋಟೋ ಹುಡುಕಿ. ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಂನ ಫೋಟೋ ಸಂಗ್ರಹ ಆನ್‌ಲೈನಲ್ಲೇ ನೋಡಬಹುದು, ಅಲ್ಲಿ ಎರಡು ಸಂಜೆ ಕೂತ್ರೆ ಸಾಕು.

ಇದನ್ನ ಇಷ್ಟು ಒತ್ತಿ ಹೇಳೋಕೆ ಕಾರಣ ಇದೆ. ಬಹಳ ವರ್ಷದ ಹಿಂದೆ ನಾನೂ ಒಂದು ಸ್ಪಿಟ್‌ಫೈರ್‌ಗೆ ಮೂರು ರಾತ್ರಿ ಕೂತು ಒಂದೊಂದು ಟೈರಿಗೂ ಐದೈದು ಗೆರೆ ಕೆತ್ತಿದ್ದೆ, ಕೆಲಸ ಚೆನ್ನಾಗೇ ಬಂದಿತ್ತು, ಆಮೇಲೆ ಅದೇ ಸ್ಕ್ವಾಡ್ರನ್‌ನ ಹಳೇ ಫೋಟೋ ಸಿಕ್ಕಿ ನೋಡಿದ್ರೆ ಟೈರ್ ನುಣ್ಣಗೆ ಹೊಳೀತಾ ಇದೆ. ಆ ಬೇಜಾರು ಇನ್ನೂ ಇದೆ ನಂಗೆ. ಮಾಡೆಲ್ ಅಂದ್ರೆ ಆ ವಿಮಾನ ಹಾರಿಸಿದವರು, ರಾತ್ರಿಯಿಡೀ ರಿಪೇರಿ ಮಾಡಿದವರು ನೋಡಿದ್ರೆ "ಹೌದು ಇದೇ" ಅನ್ನೋ ಹಂಗಿರಬೇಕು ಅಂತ ನಂಬಿರೋನು ನಾನು.

ಪ್ರಶ್ನೆ (ಹುಬ್ಬಳ್ಳಿ): ಸರ್, ನಂದು 1/48 ಅಮೆರಿಕದ ಯುದ್ಧವಿಮಾನ ಮಸ್ಟಾಂಗ್ ಪಿ-51ಡಿ ಐತ್ರಿ. ಟೈರ್ ಎರಡು ಹೋಳಾಗಿ ಬಂದಾವು, ಡೈಮಂಡ್ ಡಿಸೈನ್ ಚಲೋ ಇತ್ತು, ಆದ್ರ ಅಂಟಿಸಿದ ಮ್ಯಾಲ ನಡುವಿನ ಗೆರಿ ಹೋಗ್ಲಿ ಅಂತ ಮರಳು ಕಾಗದ ಹಚ್ಚಿ ತಿಕ್ಕಿದ್ರ ಡೈಮಂಡೂ ಅಳಿಸಿ ಹೋತು. ವಾಪಸ್ ಹೆಂಗ ತರೂದ್ರಿ?

ಉತ್ತರ: ಇದು ಎಲ್ಲರಿಗೂ ಆಗೋದೇ ರೀ, ಎರಡು ಹೋಳಿನ ಟೈರ್ ಅಂದ್ರೆ ಜೋಡಣೆ ಗೆರೆ ಸರಿಯಾಗಿ ಡಿಸೈನ್ ಮಧ್ಯದಲ್ಲೇ ಬರುತ್ತೆ. ವಾಪಸ್ ತರಬಹುದು. ತಾಳ್ಮೆ ಬೇಕು.

ಮೊದಲು ಲೆಕ್ಕ. ಮಸ್ಟಾಂಗಿನ ಮುಖ್ಯ ಟೈರ್ 27 ಇಂಚು, ಅಂದ್ರೆ ಸುಮಾರು 686 ಮಿ.ಮೀ. ಅದನ್ನ 48ರಿಂದ ಭಾಗಿಸಿದ್ರೆ 14.3 ಮಿ.ಮೀ. ಸುತ್ತಳತೆ ಹತ್ತತ್ರ 45 ಮಿ.ಮೀ. ತಿಕ್ಕಿ ತಿಕ್ಕಿ ನಿಮ್ಮ ಟೈರ್ 14ಕ್ಕಿಂತ ಕೆಳಗೆ ಹೋಗಿದ್ರೆ ಅಥವಾ ಮೊಟ್ಟೆ ಥರ ಆಗಿದ್ರೆ ಅದಕ್ಕೆ ಕೆತ್ತೋ ಶ್ರಮ ಬೇಡ, ಹೊಸ ಟೈರ್ ನೋಡೋದು ವಾಸಿ. ವರ್ನಿಯರ್ ಕ್ಯಾಲಿಪರ್ ಇಲ್ದಿದ್ರೆ ತಗೊಳ್ಳಿ, ಪ್ಲಾಸ್ಟಿಕ್‌ದಾದ್ರೂ ಪರವಾಗಿಲ್ಲ, ಈ ಕೆಲಸಕ್ಕೆ ಅದಿಲ್ಲದೆ ಆಗಲ್ಲ.

ಆಮೇಲೆ ಫೋಟೋದಲ್ಲಿ ಎಣಿಸಿ. ಪಕ್ಕದಿಂದ ತೆಗೆದ ಫೋಟೋದಲ್ಲಿ ಟೈರಿನ ಭುಜದ ಮೇಲೆ ಗೆರೆಗಳು ಬಂದು ಮುಗಿಯೋದು ಹಲ್ಲು ಹಲ್ಲಾಗಿ ಕಾಣುತ್ತೆ. ನೆಲ ಮುಟ್ಟೋ ಜಾಗದಿಂದ ನೇರ ಮೇಲಿನ ತುದಿವರೆಗೆ ಎಷ್ಟು ಹಲ್ಲು ಅಂತ ಎಣಿಸಿ ಎರಡರಿಂದ ಗುಣಿಸಿ. ಉದಾಹರಣೆಗೆ 20 ಸಿಕ್ತು ಅಂದ್ಕೊಳ್ಳಿ, ಪೂರ್ತಿ ಸುತ್ತಿಗೆ 40, ಅಂದ್ರೆ 9 ಡಿಗ್ರಿಗೊಂದು, ನಿಮ್ಮ ಟೈರಿನ ಮೇಲೆ 1.1 ಮಿ.ಮೀ.ಗೊಂದು. ಮಸ್ಟಾಂಗಿಗೆ ಡೈಮಂಡ್ ಒಂದೇ ಅಲ್ಲ, ಚೌಕ ಚೌಕ ಬಟನ್ ಇರೋದೂ ಹಾಕ್ತಾ ಇದ್ರು, ಟೈರ್ ಅಂದ್ರೆ ಸವೆಯೋ ಸಾಮಾನು, ಸವೆದಾಗ ಸ್ಟೋರಲ್ಲಿ ಯಾವುದಿತ್ತೋ ಅದು ಬಂದಿರುತ್ತೆ. ಅದಕ್ಕೇ ನಿಮ್ಮ ವಿಮಾನದ ಫೋಟೋನೇ ಬೇಕು ಅನ್ನೋದು.

ಈಗ ಕೆತ್ತೋದು. ಟೈರಿನ ಮಧ್ಯದ ತೂತಿಗೆ ಊದುಬತ್ತಿ ಕಡ್ಡಿ ಬಿಗಿಯಾಗಿ ತೂರಿಸಿ, ಬಿದಿರು ಕಡ್ಡಿ ಆದ್ರಿಂದ ಚೆನ್ನಾಗಿ ಕಚ್ಚಿಕೊಳ್ಳುತ್ತೆ. ಒಂದು ಕಾಗದದ ಮೇಲೆ ವೃತ್ತ ಬರೆದು 40 ಭಾಗ ಮಾಡಿ, ಕತ್ತರಿಸಿ, ಟೈರಿನ ಹಿಂದೆ ಅದೇ ಕಡ್ಡಿಗೆ ಸಿಕ್ಕಿಸಿ ಟೈರಿಗೆ ಒಂದು ಚೂರು ಟೇಪ್ ಹಾಕಿ, ಎರಡೂ ಒಟ್ಟಿಗೆ ತಿರುಗಬೇಕು. ಪ್ರತಿ ಗುರುತಿಗೆ ಒಂದು ಓರೆ ಗೆರೆ, ಎಲ್ಲಾ ಒಂದೇ ಕಡೆಗೆ ವಾಲಿರೋದು, ಪೂರ್ತಿ ಒಂದು ಸುತ್ತು ಮುಗಿಸಿ. ಆಮೇಲೆ ಎದುರು ದಿಕ್ಕಿಗೆ ವಾಲಿದ ಗೆರೆ ಇನ್ನೊಂದು ಸುತ್ತು. ಎರಡೂ ಒಂದನ್ನೊಂದು ದಾಟಿದಲ್ಲಿ ಡೈಮಂಡ್ ತಾನೇ ಮೂಡುತ್ತೆ. ಒಂದೊಂದೇ ಡೈಮಂಡ್ ಬಿಡಿಸೋಕೆ ಹೋದ್ರೆ ಹತ್ತನೇದಕ್ಕೇ ಸೊಟ್ಟ ಆಗಿರುತ್ತೆ. ಕೆತ್ತೋಕೆ ಫೋಟೋ ಎಚ್ ಗರಗಸ ಒಳ್ಳೇದು, ಅಂದ್ರೆ ತೆಳು ತಗಡಿನ ಪುಟಾಣಿ ಗರಗಸ. ಬರೀ ಬ್ಲೇಡಲ್ಲಿ ಕೆತ್ತಬೇಡಿ, ಬ್ಲೇಡ್ ಪ್ಲಾಸ್ಟಿಕ್ ತೆಗೆಯಲ್ಲ, ಎರಡು ಪಕ್ಕಕ್ಕೆ ತಳ್ಳಿ ಅಂಚು ಎಬ್ಬಿಸುತ್ತೆ ಅಷ್ಟೇ. ಮುಗಿದ ಮೇಲೆ ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜಿ, ತೆಳುವಾದ ಲಿಕ್ವಿಡ್ ಸಿಮೆಂಟ್ (ಪ್ಲಾಸ್ಟಿಕ್ ಕರಗಿಸಿ ಅಂಟಿಸೋ ಗೋಂದು) ಬ್ರಷ್ ತುದಿಯಲ್ಲಿ ಒಂದೇ ಸಲ ಸವರಿ, ಎದ್ದ ಕೂದಲೆಲ್ಲ ಕರಗಿ ಕೂರುತ್ತೆ. ಎರಡನೇ ಸಲ ಸವರಿದ್ರೆ ಗೆರೆನೂ ಕರಗಿಹೋಗುತ್ತೆ, ಹುಷಾರು.

ಕೆಲವರು ಟೀ ಸೋಸೋ ಜಾಲರಿ ಸುತ್ತಿ ಒತ್ತಿ ಅಂತಾರೆ, ಪ್ಲಾಸ್ಟಿಕ್‌ನ ಸಿಮೆಂಟಲ್ಲಿ ಮೆತ್ತಗೆ ಮಾಡಿ ಜಾಲರಿ ಮೇಲೆ ಉರುಳಿಸೋದು. ನಾನೂ ಮಾಡಿ ನೋಡಿದ್ದೀನಿ, ದೂರದಿಂದ ಪರವಾಗಿಲ್ಲ, ಹತ್ತಿರ ಹೋದ್ರೆ ಡೈಮಂಡ್ ಅಲ್ಲ, ದೋಸೆ ತೂತು. ನಂಗೆ ಇಷ್ಟ ಆಗ್ಲಿಲ್ಲ.

ಇನ್ನೊಂದು ಮಾತು, ಮುಂದಿನ ಸಲಕ್ಕೆ. ನಿಜವಾದ ಟೈರಿನಲ್ಲಿ ನಟ್ಟನಡುವೆ ಒಂದು ಸುತ್ತು ಗೆರೆ ಇರೋ ಡಿಸೈನ್ ಆದ್ರೆ ಜೋಡಣೆ ಗೆರೆನ ಮುಚ್ಚಲೇಬೇಡಿ. ಅಂಟಿಸೋ ಮುಂಚೆ ಎರಡು ಹೋಳಿನ ಅಂಚನ್ನೂ ಸ್ವಲ್ಪ ಓರೆಯಾಗಿ ಉಜ್ಜಿ ಅಂಟಿಸಿ, ಜೋಡಣೆನೇ ಗೆರೆ ಆಗಿ ಕೂರುತ್ತೆ!

ಪ್ರಶ್ನೆ (ಮಂಗಳೂರು): ನಾನು ಮಾಡೋದೆಲ್ಲ 1/72. ಇಷ್ಟು ಚಿಕ್ಕ ಟೈರಿಗೆ ಗೆರೆ ಕೆತ್ತೋದು ಬೇಕಾ?

ಉತ್ತರ: ನಿಜವಾದ ಟೈರಿನ ಗೆರೆ 6 ಮಿ.ಮೀ. ಅಗಲ ಅಂತಿಟ್ಕೊಳ್ಳಿ. 1/32ನಲ್ಲಿ ಅದು 0.19 ಮಿ.ಮೀ., 1/48ನಲ್ಲಿ 0.125, ನಿಮ್ಮ 1/72ನಲ್ಲಿ 0.08. ಪ್ರೈಮರ್, ಬಣ್ಣ, ವಾರ್ನಿಷ್ ಮೂರು ಕೋಟ್ ಬಿದ್ರೆ ಅದು ಮುಚ್ಚೇಹೋಗುತ್ತೆ. ಮುಚ್ಚಬಾರದು ಅಂತ ದಪ್ಪ ಕೆತ್ತಿದ್ರೆ ಟ್ರ್ಯಾಕ್ಟರ್ ಟೈರ್ ಆಗುತ್ತೆ. ಸುತ್ತುಗೆರೆ ಇರೋ ಜೆಟ್ ಟೈರಾದ್ರೆ ಎರಡೋ ಮೂರೋ ಗೆರೆ ತೆಳ್ಳಗೆ ಹಾಕಿ, ಡೈಮಂಡ್, ಬಟನ್ ಎಲ್ಲ ಕೈಬಿಡಿ. ಬೇಕೇ ಬೇಕು ಅಂದ್ರೆ ರೆಸಿನ್‌ನಲ್ಲಿ ಎರಕ ಹೊಯ್ದ ಟೈರ್ ಸಿಗುತ್ತೆ, ಎಡ್ವಾರ್ಡ್‌ನವರ ಬ್ರಾಸಿನ್ ಥರದ್ದು, ಅದನ್ನ ತಗೊಂಡು ಬಣ್ಣ ಆದಷ್ಟು ತೆಳ್ಳಗೆ ಹೊಡೀರಿ.

ಪ್ರಶ್ನೆ (ದಾವಣಗೆರೆ): ನಂಗೂ ನಮ್ಮಣ್ಣಂಗೂ ಜಗಳ. ಜರ್ಮನಿಯ ಮೆಸ್ಸರ್‌ಸ್ಮಿಟ್ 109 ಜಿ-6 ಮಾಡ್ತಿದ್ದೀವಿ. ಬೇರೆ ಕಿಟ್‌ನಲ್ಲಿ ಮಿಕ್ಕಿದ್ದ ಕೆ-4ರ (ಅದೇ 109ರ ಆಮೇಲಿನ ಮಾದರಿ) ಚಕ್ರ ಇದೆ, ಅದರ ಟ್ರೆಡ್ (ಟೈರಿನ ಮೇಲಿನ ಗೆರೆ ಡಿಸೈನ್) ತುಂಬಾ ಚೆನ್ನಾಗಿದೆ, ಅದನ್ನೇ ಹಾಕೋಣ ಅಂತಾನೆ ಅವನು. ಹಾಕಬಹುದಾ?

ಉತ್ತರ: ಅಣ್ಣನಿಗೆ ಬೇಜಾರಾದ್ರೂ ಸರಿ, ಹಾಕಬೇಡಿ. ಕೆ-4ರ ಟೈರ್ 660x190 ಮಿ.ಮೀ., ಜಿ-6ರದು 660x160. ಎತ್ತರ ಒಂದೇ, ಅಗಲ ಬೇರೆ. 1/48ನಲ್ಲಿ 4 ಮಿ.ಮೀ.ಗೂ 3.3 ಮಿ.ಮೀ.ಗೂ ಇರೋ ವ್ಯತ್ಯಾಸ, ಕಣ್ಣಿಗೆ ಹೊಡೆಯುತ್ತೆ. ಇದು ಬರೀ ಟೈರಿನ ವಿಷಯನೂ ಅಲ್ಲ. 109ರ ರೆಕ್ಕೆ ತುಂಬಾ ತೆಳು, ಮೊದಮೊದಲು 650x150 ಟೈರ್ ಇದ್ದಾಗ ಅದು ರೆಕ್ಕೆಯೊಳಗೆ ಮಡಚಿ ಕೂರ್ತಿತ್ತು. ವಿಮಾನದ ತೂಕ ಏರ್ತಾ ಹೋದ ಹಾಗೆ ಟೈರ್ ದಪ್ಪ ಮಾಡಿದ್ರು, ಆಗ ಒಳಗೆ ಜಾಗ ಸಾಲದೆ ರೆಕ್ಕೆ ಮೇಲೆ ಗೋಡಂಬಿ ಆಕಾರದ ಸಣ್ಣ ಉಬ್ಬು ಬಂತು, ಅದು ನಿಮ್ಮ ಜಿ-6ನಲ್ಲಿ ಇರುತ್ತೆ ನೋಡಿ. 190 ಅಗಲದ ಟೈರ್ ಬಂದಾಗ ಆ ಉಬ್ಬು ಉದ್ದಗಲಕ್ಕೆ ಬೆಳೆದು ದೊಡ್ಡ ಆಯತ ಆಯ್ತು. ಅಂದ್ರೆ ರೆಕ್ಕೆ ಮೇಲಿನ ಉಬ್ಬು ನೋಡಿದ್ರೆ ಕೆಳಗೆ ಯಾವ ಟೈರ್ ಅಂತ ಗೊತ್ತಾಗುತ್ತೆ. ಸಣ್ಣ ಉಬ್ಬಿನ ರೆಕ್ಕೆ ಕೆಳಗೆ ಅಗಲ ಟೈರ್ ಇಟ್ರೆ ಆ ಚಕ್ರ ಮಡಚೋಕೇ ಆಗದ ಚಕ್ರ. ಗೆರೆ ಎಷ್ಟು ಚೆನ್ನಾಗಿದ್ದರೇನು?

109ರ ಫೋಟೋಗಳಲ್ಲಿ ಬೋಳು ಟೈರೂ ಕಾಣುತ್ತೆ, ಗೆರೆ ಇರೋದೂ ಕಾಣುತ್ತೆ. ಹಾಗಾಗಿ ಜಿ-6ರ ಸ್ವಂತ ಟೈರನ್ನೇ ಇಟ್ಕೊಂಡು, ಫೋಟೋ ನೋಡಿ, ಬೇಕಿದ್ರೆ ಸುತ್ತುಗೆರೆ ಹಾಕಿ. ವಿಧಾನ ಸುಲಭ: ಗಾಜಿನ ತುಂಡಿನ ಮೇಲೆ ಟೈರ್ ಮಲಗಿಸಿ, ಪಕ್ಕದಲ್ಲಿ ಪ್ಲಾಸ್ಟಿಕ್ ಹಾಳೆ ತುಂಡುಗಳನ್ನ ಒಂದರ ಮೇಲೊಂದು ಪೇರಿಸಿ ಬೇಕಾದ ಎತ್ತರಕ್ಕೆ ಸೂಜಿಯನ್ನ ಟೇಪ್ ಹಾಕಿ ಕೂರಿಸಿ, ಸೂಜಿ ಅಲ್ಲಾಡಬಾರದು, ಟೈರನ್ನ ಅದಕ್ಕೆ ಒತ್ತಿ ಮೆಲ್ಲಗೆ ತಿರುಗಿಸಿ. ಮುಂದಿನ ಗೆರೆಗೆ ಇನ್ನೊಂದು ಹಾಳೆ ಸೇರಿಸಿ ಎತ್ತರ ಮಾಡಿ. ಎಲ್ಲಾ ಗೆರೆನೂ ಒಂದೇ ಅಂತರದಲ್ಲಿ ಬರುತ್ತೆ. ಡ್ರಿಲ್ ಮೆಷಿನ್‌ಗೆ ಸಿಕ್ಕಿಸಿ ಗಿರ್ರಂತ ತಿರುಗಿಸೋದು ಬೇಡ, ಬಿಸಿಗೆ ಪ್ಲಾಸ್ಟಿಕ್ ಕರಗಿ ಗೆರೆ ಗಬ್ಬೆದ್ದುಹೋಗುತ್ತೆ.

ಪ್ರಶ್ನೆ (ಬೆಂಗಳೂರು): ಮಿಗ್ 21 ಸೇವೆಯಿಂದ ನಿವೃತ್ತಿ ಆದ ಮೇಲೆ ಒಂದು ಮಾಡ್ಲೇಬೇಕು ಅನ್ನಿಸ್ತು. ನಮ್ಮ ವಾಯುಪಡೆಯ ಮಿಗ್ 21 ಎಫ್‌ಎಲ್, 1/48. ಜೆಟ್‌ಗಳಿಗೆ ಯಾಕೆ ಬರೀ ಸುತ್ತುಗೆರೆ? ಡೈಮಂಡ್ ಯಾಕಿಲ್ಲ? ಮಿಗ್ 21ರದೇ ಹಳೇ ಮಾದರಿ ಎಫ್-13 ಕಿಟ್‌ನ ಚಕ್ರ ಹಾಕಬಹುದಾ?

ಉತ್ತರ: 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಬೀಳ್ಕೊಟ್ಟ ದಿನ ನಂಗೂ ಮನಸ್ಸು ಭಾರ ಆಗಿತ್ತು, ಆರು ದಶಕ ನಮ್ಮ ಆಕಾಶದಲ್ಲಿದ್ದ ವಿಮಾನ ಅದು.

ಕೊನೇ ಪ್ರಶ್ನೆಗೆ ಮೊದಲು: ಹಾಕಬೇಡಿ. ಎಫ್-13ರ ಮುಖ್ಯ ಟೈರ್ 660x200, ಅದಾದ ಮೇಲೆ ಬಂದ ಪಿಎಫ್ ಮಾದರಿಯಿಂದ 800x200, ನಮ್ಮ ಎಫ್‌ಎಲ್ ಆ ಸಾಲಿಂದೇ. 1/48ನಲ್ಲಿ 13.75 ಮಿ.ಮೀ. ಎಲ್ಲಿ, 16.7 ಎಲ್ಲಿ! ಆ ದೊಡ್ಡ ಚಕ್ರ ಹಿಡಿಸೋಕೇ ವಿಮಾನದ ಹೊಟ್ಟೆ ಪಕ್ಕದ ಉಬ್ಬನ್ನೂ ದೊಡ್ಡದು ಮಾಡಿದ್ರು.

ಇನ್ನು ಸುತ್ತುಗೆರೆ. ಒದ್ದೆ ರನ್‌ವೇ ಮೇಲೆ ಟೈರ್ ಒಂದು ವೇಗ ದಾಟಿದ್ರೆ ನೀರನ್ನ ಸೀಳೋಕೆ ಆಗದೆ ನೀರಿನ ಮೇಲೇ ತೇಲುತ್ತೆ, ಆಗ ಬ್ರೇಕ್ ಒತ್ತಿದ್ರೂ ಉಪಯೋಗ ಇಲ್ಲ. 1960ರ ದಶಕದಲ್ಲಿ ನಾಸಾದ ಲ್ಯಾಂಗ್ಲಿ ಕೇಂದ್ರದವರು ಇದಕ್ಕೊಂದು ಸರಳ ಲೆಕ್ಕ ಕೊಟ್ರು: ಟೈರಿನ ಗಾಳಿ ಒತ್ತಡ ಎಷ್ಟು ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಇದೆಯೋ ಅದರ ವರ್ಗಮೂಲವನ್ನ 9ರಿಂದ ಗುಣಿಸಿದ್ರೆ ತೇಲೋ ವೇಗ ನಾಟ್‌ಗಳಲ್ಲಿ ಸಿಗುತ್ತೆ. 36 ಪಿಎಸ್‌ಐ ಆದ್ರೆ 54 ನಾಟ್, ಗಂಟೆಗೆ 100 ಕಿ.ಮೀ. 225 ಪಿಎಸ್‌ಐ ಆದ್ರೆ 135 ನಾಟ್, ಗಂಟೆಗೆ 250 ಕಿ.ಮೀ. ಫೈಟರ್ ಜೆಟ್ ಇಳಿಯೋವಾಗ ಆ ವೇಗಕ್ಕೆ ಹತ್ತಿರ ಅಥವಾ ಜಾಸ್ತಿನೇ ಇರುತ್ತೆ, ಹಾಗಾಗಿ ನೀರು ಹೊರಗೆ ಹೋಗೋಕೆ ಗೆರೆಯ ಕಾಲುವೆ ಬೇಕು. ಆ ವೇಗದಲ್ಲಿ ತಿರುಗೋ ಟೈರಿಗೆ ಅಡ್ಡಡ್ಡ ಕಡಿದು ಬಟನ್ ಮಾಡಿದ್ರೆ ಬಟನ್ ಕಿತ್ತು ಹಾರೋ ಅಪಾಯ, ಅದಕ್ಕೇ ಉದ್ದಕ್ಕೆ ಸುತ್ತುಗೆರೆ, ನೇರ ಓಡೋಕೂ ಅದೇ ಒಳ್ಳೇದು. ಡೈಮಂಡ್ ಇರೋದು ಮೆತ್ತನೆ ಮಣ್ಣಿನ ನೆಲ ಕಚ್ಚಿ ಹಿಡಿಯೋಕೆ. ಈ ಕಾರಣ ಗೊತ್ತಿದ್ರೆ ಫೋಟೋ ಮಸುಕಾಗಿದ್ರೂ ಅರ್ಧ ಊಹೆ ಸರಿ ಬರುತ್ತೆ.

ನೀವು ಬೆಂಗಳೂರಲ್ಲೇ ಇರೋದ್ರಿಂದ ಎಚ್‌ಎಎಲ್ ಹೆರಿಟೇಜ್ ಮ್ಯೂಸಿಯಂಗೆ ಒಂದು ಭಾನುವಾರ ಹೋಗಿಬನ್ನಿ. ಎಲ್ಲರೂ ಮೂಗು, ಬಾಲ, ಕಾಕ್‌ಪಿಟ್ ಫೋಟೋ ತೆಗೀತಾರೆ, ನೀವು ಬಗ್ಗಿ ಕೂತು ಟೈರ್ ತೆಗೀರಿ, ಎದುರಿಂದ, ಪಕ್ಕದಿಂದ, ಪಕ್ಕದಲ್ಲಿ ಒಂದು ಸ್ಕೇಲ್ ಹಿಡಿದು. ಆದ್ರೆ ಎಷ್ಟೋ ವರ್ಷ ನಿಂತಲ್ಲೇ ನಿಂತ ಟೈರ್ ಬಿರುಕು ಬಿಟ್ಟು ಕೆಳಗೆ ಚಪ್ಪಟೆ ಆಗಿರಬಹುದು, ಅದನ್ನ ಹಾರೋ ಕಾಲದ ಆಕಾರ ಅಂದ್ಕೋಬೇಡಿ. ಗೆರೆ ಎಣಿಸೋಕೆ ಅದು, ಆಕಾರಕ್ಕೆ ಹಳೇ ಫೋಟೋ.

ಪ್ರಶ್ನೆ (ಶಿವಮೊಗ್ಗ): ನನ್ನ ಮಗನಿಗೆ 13 ವರ್ಷ. ಅವನ ಮಾವ ಕೊಟ್ಟ ಹಳೇ ಕಿಟ್‌ನಲ್ಲಿ ರಬ್ಬರ್ ಥರದ ಮೆತ್ತನೆ ಟೈರ್ ಇದೆ, ಗೆರೆಯೆಲ್ಲ ಚೆನ್ನಾಗಿದೆ. ಅದನ್ನೇ ಹಾಕಬಹುದಲ್ವಾ? ಅವನು ಬ್ಲೇಡ್ ಹಿಡಿಯೋದು ನಂಗೆ ಭಯ.

ಉತ್ತರ: ಮೇಡಂ, ಆ ಮೆತ್ತನೆ ಟೈರ್ ರಬ್ಬರ್ ಅಲ್ಲ, ವಿನೈಲ್. ನೋಡೋಕೆ ಚೆಂದ, ಆದ್ರೆ ಅದನ್ನ ಮೆತ್ತಗಿಡೋಕೆ ಸೇರಿಸಿರೋ ಎಣ್ಣೆಯಂಥ ಪದಾರ್ಥ ವರ್ಷಗಳು ಕಳೆದ ಹಾಗೆ ಹೊರಗೆ ಬಂದು ಪಕ್ಕದ ಗಟ್ಟಿ ಪ್ಲಾಸ್ಟಿಕ್‌ನ ಕರಗಿಸಬಹುದು. ನನ್ನ ಶೋಕೇಸಲ್ಲೇ ಒಂದು ವಿಮಾನ ಹೀಗೆ ಹೋಯ್ತು, ಯಾರೂ ಮುಟ್ಟಿಲ್ಲ, ಒಂದು ದಿನ ನೋಡಿದ್ರೆ ಚಕ್ರದ ಮಧ್ಯದ ಭಾಗ ಬೆಣ್ಣೆ ಥರ ಕರಗಿ ವಿಮಾನ ಒಂದು ಕಡೆ ವಾಲಿದೆ. ಮಗನ ಕಿಟ್‌ನಲ್ಲಿ ಗಟ್ಟಿ ಪ್ಲಾಸ್ಟಿಕ್ ಟೈರೂ ಕೊಟ್ಟಿದ್ರೆ ಅದನ್ನ ಹಾಕಿಸಿ. ಇಲ್ಲದಿದ್ರೆ ಮಧ್ಯದ ಭಾಗಕ್ಕೆ ಪೂರ್ತಿ ಬಣ್ಣ ಹೊಡೆದು, ಚೆನ್ನಾಗಿ ಒಣಗಿಸಿ, ವಾರ್ನಿಷ್ ಕೊಟ್ಟು ಆಮೇಲೆ ಟೈರ್ ಸಿಕ್ಕಿಸಲಿ, ಸ್ವಲ್ಪ ತಡೆ ಆಗುತ್ತೆ.

ಕೆತ್ತೋಕೆ ಅವನಿಗೆ ಬ್ಲೇಡ್ ಬೇಡ. ಮೇಲೆ ದಾವಣಗೆರೆಯವರಿಗೆ ಹೇಳಿದ ಗಾಜು-ಸೂಜಿ ವಿಧಾನ ನೀವು ಪಕ್ಕದಲ್ಲಿ ಕೂತು ಮಾಡಿಸಿ, ಸೂಜಿ ಟೇಪಲ್ಲಿ ಬಿಗಿದು ಕೂತಿರುತ್ತೆ, ಹುಡುಗ ಟೈರ್ ತಿರುಗಿಸಿದ್ರೆ ಸಾಕು. ಗಾಜಿನ ಅಂಚಿಗೆ ಮಾತ್ರ ಟೇಪ್ ಸುತ್ತಿರಿ.

ಪ್ರಶ್ನೆ (ಮಡಿಕೇರಿ): 1944ರಲ್ಲಿ ಇಂಫಾಲದಲ್ಲಿದ್ದ ನಮ್ಮ ನಂಬರ್ 1 ಸ್ಕ್ವಾಡ್ರನ್‌ನ ಹರಿಕೇನ್ ಯುದ್ಧವಿಮಾನ ಮಾಡ್ತಾ ಇದ್ದೇನೆ. ಟೈರ್ ಬೋಳೇ ಇಟ್ಟಿದ್ದೇನೆ. ಆದರೆ ಕಪ್ಪು ಹೊಡೆದ ಮೇಲೆ ಆಟಿಕೆ ಥರ ಕಾಣ್ತದೆ. ಏನು ಮಾಡುವುದು?

ಉತ್ತರ: ಅರ್ಜನ್ ಸಿಂಗ್ ಅವರು ಮುನ್ನಡೆಸಿದ ಸ್ಕ್ವಾಡ್ರನ್! ಇದನ್ನ ಮಾಡ್ತಿರೋದು ಕೇಳಿ ತುಂಬಾ ಖುಷಿ ಆಯ್ತು. ಬೋಳು ಇಟ್ಟಿದ್ದು ಸರಿ, ಫೋಟೋದಲ್ಲಿ ಬೇರೆ ಕಂಡ್ರೆ ಮಾತ್ರ ಬದಲಾಯಿಸಿ.

ಅಪ್ಪಟ ಕಪ್ಪು ಹೊಡೀಬಾರದು. ರಬ್ಬರ್ ಬೂದು ಕಪ್ಪು, ತಾಮಿಯಾದ ಎಕ್ಸ್‌ಎಫ್-85 ರಬ್ಬರ್ ಬ್ಲ್ಯಾಕ್ ಚೆನ್ನಾಗಿ ಹೊಂದುತ್ತೆ. ಅದು ಒಣಗಿದ ಮೇಲೆ ನೆಲ ಮುಟ್ಟೋ ಪಟ್ಟಿಗೆ ಮಾತ್ರ ಅದಕ್ಕೇ ಸ್ವಲ್ಪ ತಿಳಿ ಬೂದು ಬೆರೆಸಿ ಇನ್ನೊಂದು ತೆಳು ಕೋಟ್ ಕೊಡಿ, ಓಡೋ ಭಾಗ ಉಜ್ಜಿ ಉಜ್ಜಿ ಬಿಳುಚಿಕೊಂಡಿರುತ್ತೆ, ಪಕ್ಕದ ಗೋಡೆ ಕಪ್ಪಾಗೇ ಉಳಿದಿರುತ್ತೆ. ಬೋಳು ಟೈರಿಗೆ ಜೀವ ಬರೋದು ಈ ವ್ಯತ್ಯಾಸದಿಂದಲೇ. ಟೈರಿಂದ ರಿಮ್‌ಗೆ ದಾಟೋ ಹಾಗೆ ಒಂದು ಸಣ್ಣ ಬಿಳಿ ಗುರುತೂ ಹಾಕಬಹುದು, ಟೈರ್ ರಿಮ್ ಮೇಲೆ ಜಾರಿದೆಯಾ ಅಂತ ಗ್ರೌಂಡ್ ಸಿಬ್ಬಂದಿ ನೋಡೋಕೆ ಹಾಕ್ತಿದ್ದ ಗುರುತು, ಆದ್ರೆ ಫೋಟೋದಲ್ಲಿ ಕಂಡ್ರೆ ಮಾತ್ರ ಹಾಕಿ. ಕೆಳಗೆ ಒಂಚೂರು ಚಪ್ಪಟೆ ಮಾಡಿ, ಮರಳು ಕಾಗದ ಮೇಜಿನ ಮೇಲಿಟ್ಟು ಟೈರನ್ನ ನಾಲ್ಕೈದು ಸಲ ಎಳೆದ್ರೆ ಸಾಕು, ಪಂಕ್ಚರ್ ಆದ ಹಾಗೆ ಕಾಣಬಾರದು.

ಇನ್ನು ಮಣ್ಣು. ಅದಕ್ಕೆ ನೀವು ಯಾವ ತಿಂಗಳ ವಿಮಾನ ಮಾಡ್ತಿದ್ದೀರಿ ಅಂತ ಮೊದಲು ತೀರ್ಮಾನ ಮಾಡ್ಬೇಕು. ಮಾರ್ಚ್‌ನದಾದ್ರೆ ಒಣ ಧೂಳು, ಪೇಸ್ಟಲ್ ಚಾಕ್ ಕೆರೆದು ಪುಡಿ ಮಾಡಿ ಒಣ ಬ್ರಷ್‌ನಲ್ಲಿ ಟೈರಿನ ಭುಜಕ್ಕೆ, ರಿಮ್‌ನ ಸಂದಿಗೆ ಸವರಿ. ಜೂನ್, ಜುಲೈನದಾದ್ರೆ ಅಲ್ಲಿ ಮಳೆಗಾಲ, ಅದೇ ಪುಡಿಗೆ ಮ್ಯಾಟ್ ವಾರ್ನಿಷ್ ಬೆರೆಸಿ ಕೆಸರು ಮಾಡ್ಕೊಂಡು ಟೈರಿಗೆ ಮಾತ್ರ ಅಲ್ಲ, ಚಕ್ರ ಮಡಚಿ ಕೂರೋ ಗೂಡಿನೊಳಗೆ, ಕಾಲಿನ ಹಿಂಭಾಗಕ್ಕೆ ಎರಚಿದ ಹಾಗೆ ಹಾಕಿ. ಮಡಿಕೇರಿಯವರಿಗೆ ಮಳೆಗಾಲದ ಜೀಪಿನ ಚಕ್ರ ಹೇಗಿರುತ್ತೆ ಅಂತ ನಾನು ಹೇಳಿಕೊಡಬೇಕಿಲ್ಲ, ಅದನ್ನೇ ನೋಡ್ಕೊಂಡು ಮಾಡಿ.